ಸ್ವೆಟರ್ ತೊಟ್ಟ ಕುರಿಗಳ ವೃತ್ತಾಂತ

ಪ್ರಿಯರೇ, ಒಂದಿಷ್ಟು ಹೊತ್ತು ಕೈಯಲ್ಲಿರುವ ಕೆಲಸವನ್ನು ಪಕ್ಕಕ್ಕಿಟ್ಟು ಇತ್ತ ಕಿವಿಗೊಡಿ. ಇಂದಿನ ಮಾತು ಸ್ವರ್ಗ ನರಕಗಳದ್ದಲ್ಲ. ಒಬ್ಬ ಕ್ಷೌರಿಕರು, ಅವರ ಧರ್ಮಪತ್ನಿ ಮತ್ತು ಬೇಸಿಗೆಯಲ್ಲಿ ಸ್ವೆಟರ್ ತೊಟ್ಟು ನಿಂತ ಒಂದು ಹಿಂಡು ಕುರಿಗಳದ್ದು. ನಗಬೇಕೆನಿಸಿದಲ್ಲಿ ಧಾರಾಳವಾಗಿ ನಗಿ. ನಗುವನ್ನು ಕೊಟ್ಟವನು ಅದನ್ನು ಖರ್ಚು ಮಾಡಲೆಂದೇ ಕೊಟ್ಟಿದ್ದಾನೆ. ಆದರೆ ನಗುತ್ತ ನಗುತ್ತ ಕೊನೆಯವರೆಗೂ ಬನ್ನಿ. ಕೊನೆಯಲ್ಲಿ ನಿಮ್ಮಿಂದ ಒಂದು ಸಣ್ಣ ಕೆಲಸವಾಗಬೇಕಿದೆ.

ಆ ಕ್ಷೌರಿಕರನ್ನು ಊರಿಗೆ ಊರೇ ಕತ್ತರಿಯಣ್ಣ ಎಂದು ಕರೆಯುತ್ತಿತ್ತು. ಮುಖ್ಯರಸ್ತೆಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡಿದ್ದ ಅವರ ಅಂಗಡಿಯಲ್ಲಿ ತಲೆ ತಗ್ಗಿಸದ ಗಂಡಸು ಆ ಊರಲ್ಲಿರಲಿಲ್ಲ. (ಪ್ರಾರ್ಥನೆಯ ಹೊತ್ತಿನಲ್ಲೂ ತಲೆ ತಗ್ಗಿಸದ ಮಹನೀಯರು ಅಲ್ಲಿ ಮರುಮಾತಿಲ್ಲದೆ ತಗ್ಗಿಸುತ್ತಿದ್ದರೆಂಬುದು ಯೋಚಿಸತಕ್ಕ ಸಂಗತಿ.) ಅವರಿಗೆ ದೇವರು ಕುತೂಹಲವನ್ನು ಕೈತುಂಬ ಕೊಟ್ಟಿದ್ದ. ಗೋಡೆಯ ಮೇಲಿನ ಇರುವೆಯ ಸಾಲು ಎಲ್ಲಿಂದ ಹೊರಟಿದೆಯೆಂದು ನೋಡಲು, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಸೈಕಲ್ ಅಂಗಡಿಯ ಹಿತ್ತಲವರೆಗೂ ಹೋಗಿಬಂದ ಪುಣ್ಯಾತ್ಮರು ಅವರು. ಆದರೆ ಆ ಕುತೂಹಲಕ್ಕೆ ಕಣ್ಣಿತ್ತು, ಮೂಗಿತ್ತು, ಬೆರಳಿತ್ತು, ಕಿವಿಯೊಂದು ಇರಲಿಲ್ಲ. ನೋಡುವರು, ಮೂಸುವರು, ಮುಟ್ಟುವರು, ತಾವೇ ತೀರ್ಪು ಕೊಡುವರು. ಇನ್ನೊಬ್ಬರನ್ನು ಕೇಳುವುದು ಮಾತ್ರ ಅವರ ಜಾಯಮಾನದಲ್ಲೇ ಇರಲಿಲ್ಲ.

ತಪ್ಪು ಪೂರ್ತಿಯಾಗಿ ಅವರದೂ ಅಲ್ಲ. ಜೀವಮಾನವಿಡೀ ಅವರು ಮಾತಾಡುತ್ತಿದ್ದರು, ಎದುರಿಗಿದ್ದವರು ಸುಮ್ಮನಿರುತ್ತಿದ್ದರು. ಕೊರಳ ಮೇಲೆ ಹರಿತವಾದ ಕತ್ತಿ ಓಡಾಡುತ್ತಿರುವಾಗ ಎದುರುತ್ತರ ಕೊಡುವಷ್ಟು ಜೀವದ ಮೇಲೆ ಬೇಸರ ಬಂದವರು ಯಾರಿದ್ದಾರೆ? ಆ ಮೌನವನ್ನು ಕತ್ತರಿಯಣ್ಣನವರು ಒಪ್ಪಿಗೆಯೆಂದು ತಿಳಿದರು. ಹೀಗೆ ಒಪ್ಪಿಗೆಯ ಮೇಲೆ ಒಪ್ಪಿಗೆ ಪೇರಿಸುತ್ತ, ಕೈ ಸಣ್ಣಗೆ ನಡುಗಲು ಶುರುವಾಗಿ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ದಿನ ಬಂದಾಗ, ಜಗತ್ತಿನ ಸಕಲ ವಿಷಯಗಳಲ್ಲೂ ತಮ್ಮ ಅಭಿಪ್ರಾಯಕ್ಕೆ ಬಹುಮತವಿದೆಯೆಂದು ಅವರು ದೃಢವಾಗಿ ನಂಬಿದ್ದರು.

ಗಂಡಹೆಂಡಿರು ಊರಂಚಿನ ತುಂಡು ಜಮೀನಿಗೆ ಬಂದು ನೆಲೆಸಿದರು. ಮುಂದೆ ಮನೆ, ಹಿಂದೆ ತಗಡಿನ ಮಾಡಿನ ಕೊಟ್ಟಿಗೆ, ಅದರಾಚೆ ಹುಲ್ಲಿನ ಇಳಿಜಾರು. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದು ಬೆರಳು ಸವೆಸಿದ್ದ ಮನೆಯಾಕೆ ತನ್ನ ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿ ಇಟ್ಟುಕೊಂಡು ಸುಮ್ಮನಾದಳು. ಕತ್ತರಿಯಣ್ಣನವರಿಗೆ ಮಾತ್ರ ಸುಮ್ಮನಾಗಲು ಬರಲಿಲ್ಲ. ಮಾತು ಒಳಗೇ ಉಳಿದು ಅಜೀರ್ಣವಾಗತೊಡಗಿತು. ಅಂಥ ಕಾಲದಲ್ಲಿ ಅವರ ಕಣ್ಣಿಗೆ ಪತ್ರಿಕೆಯ ಮೂಲೆಯಲ್ಲಿ ಒಂದು ಚಿತ್ರ ಬಿತ್ತು. ಕಂದು ಮೈ, ತೆಳು ಕಾಲು, ಎರಡೂ ಕಣ್ಣಿನ ಸುತ್ತ ದುಂಡಗೆ ಬಿಳಿ ಬಳೆ. ಕನ್ನಡಕದ ಕುರಿ ಎಂದೇ ಹೆಸರು. ಒಂದಾನೊಂದು ಕಾಲದಲ್ಲಿ ಕಲ್ಲುಗುಡ್ಡಗಳ ತುಂಬ ಮೇಯುತ್ತಿದ್ದ ತಳಿ; ಜನ ದಪ್ಪ ಮೈಯ ಬಿಳಿ ಕುರಿಗಳಿಗೆ ಮನಸೋತ ಮೇಲೆ ಇವು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಈ ವಂಶ ಅಳಿಯಬಾರದೆಂದು ಹಳೆಯ ತಳಿಗಳ ಸಂಘವೊಂದು, ನೋಡಿಕೊಳ್ಳುವ ಮನಸ್ಸಿದ್ದವರಿಗೆ ಸಣ್ಣ ಹಿಂಡನ್ನು ಸಾಕಲು ಕೊಡುತ್ತಿತ್ತು.

“ನಿಮಗೆ ಕುರಿ ವಿಷಯ ಏನ್ರೀ ಗೊತ್ತು?” ಎಂದಳು ಮನೆಯಾಕೆ.

“ಕೂದಲು ಗೊತ್ತು. ಕುರಿ ಅಂದ್ರೆ ಇನ್ನೇನು, ನಾಲ್ಕು ಕಾಲಿನ ಮೇಲೆ ನಿಂತಿರೋ ಕೂದಲು.”

“ಸರಿ ಬಿಡಿ. ಅವೂ ಎದುರು ಮಾತಾಡಲ್ಲ. ನಿಮಗೆ ಹೇಳಿ ಮಾಡಿಸಿದ ಹಾಗಿವೆ.”

ಮಳೆಗಾಲದ ಕೊನೆಗೆ ಕುರಿಗಳು ಬಂದವು. ತಂದವರು ಸಂಘದ ಹಿರಿಯಮ್ಮ. ಮೊಣಕಾಲುದ್ದದ ರಬ್ಬರ್ ಬೂಟು, ಮೊಟಕು ಮಾತು, ಪಶುವೈದ್ಯೆಯಾಗಿ ದುಡಿದು ನಿವೃತ್ತರಾದವರು. ಹೆಣ್ಣುಕುರಿಗಳನ್ನು ವ್ಯಾನಿನಿಂದ ಇಳಿಸಿ, ಗೇಟಿನ ಬಳಿ ನಿಂತು, ಈ ತಳಿಯ ಗುಣಾವಗುಣಗಳನ್ನು ಹೇಳಿಯೇ ಹೋಗಬೇಕೆಂದು ಅವರು ಬಾಯಿ ತೆರೆದರು. “ನೋಡಿ ಯಜಮಾನ್ರೇ, ಬೇಸಿಗೆ ಶುರುವಾಯ್ತು ಅಂದ್ರೆ ಇವುಗಳ ಮೈ...” ಎನ್ನುವಷ್ಟರಲ್ಲಿ ಕತ್ತರಿಯಣ್ಣನವರು ಮಾತನ್ನು ಕೈಗೆತ್ತಿಕೊಂಡರು. ಬೇಸಿಗೆಯಲ್ಲಿ ನೆತ್ತಿಗೆ ಏನೇನಾಗುತ್ತದೆ, ಹೊಟ್ಟು ಏಕೆ ಏಳುತ್ತದೆ, ಬೆವರಿಗೂ ಹೇನಿಗೂ ಇರುವ ಸಂಬಂಧವೇನು, ಎಲ್ಲವನ್ನೂ ವಿಸ್ತಾರವಾಗಿ ಅರುಹಿದರು. ಹಿರಿಯಮ್ಮ ಮತ್ತೆ ಒಂದು ಕುರಿಯತ್ತ ಬೆರಳು ತೋರಿಸಿ “ಇದೊಂದು ಗಬ್ಬದ ಕುರಿ. ಇದರ ವಿಷಯದಲ್ಲಿ ಮಾತ್ರ...” ಎಂದರು. ಗರ್ಭಿಣಿಯರ ಕೂದಲಿನ ಬಗ್ಗೆಯೂ ಕತ್ತರಿಯಣ್ಣನವರಿಗೆ ಹೇಳುವುದಿತ್ತು. ವ್ಯಾನಿನ ಚಾಲಕ ಹಾರನ್ ಒತ್ತಿದ. ಹಿರಿಯಮ್ಮ ಸೋತು, ಮುಂದಿನ ಬೇಸಿಗೆಯಲ್ಲಿ ಬಂದು ನೋಡುತ್ತೇನೆ, ಚೆನ್ನಾಗಿ ಸಾಕಿದ್ದರೆ ಹಿಂಡು ಇಲ್ಲೇ ಇರಲಿ, ಇಲ್ಲವಾದರೆ ವಾಪಸು ಕೊಂಡೊಯ್ಯುವುದೇ ಎಂದಷ್ಟು ಹೇಳಿ ವ್ಯಾನು ಹತ್ತಿದರು. ಮನೆಯಾಕೆ ಆಗ ಕೊಟ್ಟಿಗೆಯೊಳಗೆ ಹುಲ್ಲು ಹಾಸುತ್ತಿದ್ದಳು. ಅವಳಿಗೆ ಇದಾವುದೂ ಕೇಳಿಸಲಿಲ್ಲ.

ಪ್ರೀತಿ ಎಂಬುದು ಯಾವ ಬಾಗಿಲಿನಿಂದ ಮನೆಯೊಳಕ್ಕೆ ಬರುತ್ತದೆಂದು ಹೇಳಬಲ್ಲವರು ಯಾರು? ಬೆಳಿಗ್ಗೆ ಕತ್ತರಿಯಣ್ಣನವರು ಇಳಿಜಾರಿಗೆ ಹೋಗಿ ಕೂತರೆ ಕುರಿಗಳು ಸುತ್ತ ನಿಂತು, ಬಿಳಿ ಬಳೆಯೊಳಗಿನ ಕಣ್ಣುಗಳನ್ನು ಅವರ ಮುಖದ ಮೇಲೆ ನೆಟ್ಟು, ನಿಧಾನವಾಗಿ ಮೆಲುಕು ಹಾಕುತ್ತಿದ್ದವು. ಇಷ್ಟು ಶ್ರದ್ಧೆಯ ಸಭೆ ಎಂಥ ವಾಗ್ಮಿಗೂ ಸಿಗುವುದಿಲ್ಲ. ಅವರ ಅಜೀರ್ಣ ವಾಸಿಯಾಯಿತು. ಈ ಕುರಿಗಳಿಲ್ಲದೆ ಇನ್ನು ತಮಗೆ ಬೆಳಗಾಗದು ಎಂಬುದು ಅವರಿಗೆ ಮನವರಿಕೆಯಾಯಿತು. ಆ ಗಬ್ಬದ ಕುರಿ ಎಲ್ಲರನ್ನೂ ಕನ್ನಡಕದ ಮೇಲಿನಿಂದ ನೋಡುವಂತೆ ಕತ್ತು ತಗ್ಗಿಸಿ ನೋಡುತ್ತಿದ್ದುದರಿಂದ ಅದಕ್ಕೆ ಪ್ರಿನ್ಸಿಪಾಲಮ್ಮ ಎಂದು ಹೆಸರಾಯಿತು.

ಚಳಿಗಾಲದ ಮೊದಲಲ್ಲಿ ಪ್ರಿನ್ಸಿಪಾಲಮ್ಮ ಒಂದು ಗಂಡುಮರಿ ಹಾಕಿತು. ಮರಿಗೆ ಒಂದು ಕಣ್ಣಿಗೆ ಮಾತ್ರ ಬಳೆ; ಇನ್ನೊಂದಕ್ಕೆ ಬಣ್ಣ ಹಚ್ಚುವಷ್ಟರಲ್ಲಿ ಸೃಷ್ಟಿಕರ್ತನನ್ನು ಯಾರೋ ಕರೆದಿರಬೇಕು. ಕತ್ತರಿಯಣ್ಣನವರು ಅದನ್ನು ರಾಜಲಕ್ಷಣವೆಂದು ತೀರ್ಮಾನಿಸಿ ಮರಿಗೆ ದೊರೆ ಎಂದು ಹೆಸರಿಟ್ಟರು. ಅಳಿದುಹೋಗುತ್ತಿರುವ ವಂಶವನ್ನು ಎತ್ತಿ ನಿಲ್ಲಿಸುವ ಮೂಲಪುರುಷ ತಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದಾನೆ. ಇವನ ಮಕ್ಕಳು ಮೊಮ್ಮಕ್ಕಳು ಗುಡ್ಡಗಳ ತುಂಬ ಹರಡುವ ಕಾಲಕ್ಕೆ, ಸಾಕಿದ ಕೈ ಯಾರದೆಂದು ಲೋಕ ನೆನೆಯುತ್ತದೆ. ಈ ಧ್ಯಾನದಲ್ಲಿ ಅವರು ದೊರೆಗೆ ದಿನವೂ ತಮ್ಮ ಅಂಗಡಿಯಲ್ಲಿ ಖರ್ಚಾಗದೆ ಉಳಿದಿದ್ದ, ಸ್ವಂತ ಕೈಯಿಂದ ಕಾಯಿಸಿದ ಕೇಶತೈಲವನ್ನು ತಿಕ್ಕಿದರು. ದೊರೆಯ ಮೈತುಂಬ ತುಪ್ಪಟ ದಟ್ಟವಾಗಿ, ಗುಂಗುರು ಗುಂಗುರಾಗಿ, ಹಾಸಿಗೆಯಂತೆ ಬೆಳೆಯಿತು.

ಆಮೇಲೆ ಬಿಸಿಲು ಬಲಿಯಿತು. ಒಂದು ಬೆಳಿಗ್ಗೆ ಪ್ರಿನ್ಸಿಪಾಲಮ್ಮನ ಕತ್ತು ತುರಿಸಲು ಹೋದ ಕತ್ತರಿಯಣ್ಣನವರ ಕೈಗೆ ತುಪ್ಪಟದ ಒಂದು ಹಿಡಿ ಹಾಗೆಯೇ ಕಿತ್ತುಬಂತು.

ಪ್ರಿಯರೇ, ನಮ್ಮ ನಿಮ್ಮ ಕೈಗೆ ಬಂದಿದ್ದರೆ ಅದು ಬರೀ ಉಣ್ಣೆ. ಒಬ್ಬ ಕ್ಷೌರಿಕನ ಕೈಗೆ ಬಂದಾಗ ಅದು ಅಪಕೀರ್ತಿ. ಜೀವನವೆಲ್ಲ ಉದುರುವ ಕೂದಲಿಗೆ ಮದ್ದು ಹೇಳಿದವರ ಆಶ್ರಯದಲ್ಲೇ ಕುರಿಗಳು ಬೋಳಾಗುವುದೆಂದರೆ! ಆ ಹಿಡಿ ಉಣ್ಣೆಯನ್ನು ಅವರು ಜೇಬಿನಲ್ಲಿ ಅಡಗಿಸಿಟ್ಟು, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದರು. ಕುರಿಗಳೆಲ್ಲ ನೋಡುತ್ತಿದ್ದವು.

ಅಂದಿನಿಂದ ಮಹಾಶೋಧನೆ ಆರಂಭವಾಯಿತು. ನೀರಿನಲ್ಲಿ ದೋಷವಿರಬಹುದೆಂದು ತೊಟ್ಟಿಯ ನೀರನ್ನು ಬೊಗಸೆಯಲ್ಲಿ ಕುಡಿದು ನೋಡಿದರು. ಮೇವಿನಲ್ಲಿ ಇರಬಹುದೆಂದು ಒಂದು ಹಿಡಿ ಹುಲ್ಲನ್ನು ಅಗಿದು, ಕಣ್ಣು ಮುಚ್ಚಿ, ರುಚಿಯನ್ನು ಪರಾಮರ್ಶಿಸಿದರು. (ಮನೆಯಾಕೆ ಕಿಟಕಿಯಿಂದ ನೋಡಿ, ಊಟಕ್ಕೆ ಕರೆಯಬೇಕೋ ಬೇಡವೋ ಎಂದು ವಿಚಾರಿಸಿದಳು.) ಕುರಿಗಳು ಮೈಯುಜ್ಜುವ ಬೇಲಿಗೂಟಗಳಿಗೆ ಹಳೆಯ ಲುಂಗಿ ಸುತ್ತಿದರು. ಕೊನೆಗೆ ಕೇಶತೈಲದ ಡಬ್ಬಿಯನ್ನೇ ತಂದು, ದೊರೆಗೆ ಮಾತ್ರ ಮೀಸಲಾಗಿದ್ದ ಅಭ್ಯಂಜನವನ್ನು ಇಡೀ ಹಿಂಡಿಗೆ ವಿಸ್ತರಿಸಿದರು. ಕುರಿಗಳು ಬಿಸಿಲಿನಲ್ಲಿ ಮಿರಮಿರನೆ ಹೊಳೆದವು, ಉದುರುವುದು ನಿಲ್ಲಲಿಲ್ಲ.

ವಿಚಿತ್ರವೆಂದರೆ, ಅವರು ಹಾಲು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲೇ ಕುರಿಗಳು ಇನ್ನಷ್ಟು ಬೋಳಾಗಿರುತ್ತಿದ್ದವು. ಹೋಗುವಾಗ ಅಂಗೈಯಗಲ ಇದ್ದದ್ದು ಬರುವಾಗ ತಟ್ಟೆಯಗಲ. ಕೆಳಗೆ ಬಿದ್ದ ಉಣ್ಣೆಯೂ ಕಾಣದು. ಇದರ ಹಿಂದೆ ಯಾರದೋ ಕೈವಾಡವಿದೆ ಎಂಬ ಶಂಕೆ ಹುಟ್ಟಿತು. ಒಂದು ಕಾಗೆ ಕೊಕ್ಕಿನಲ್ಲಿ ಕಂದು ಎಳೆಯೊಂದನ್ನು ಕಚ್ಚಿಕೊಂಡು ಹಾರಿದ್ದೇ ತಡ, ಅಪರಾಧಿ ಸಿಕ್ಕಿತೆಂದು ಅವರು ಸಕಲ ಪಕ್ಷಿಕುಲದ ಮೇಲೆ ಯುದ್ಧ ಸಾರಿದರು. ತಟ್ಟೆ ಬಡಿದರು, ಕೊಡೆ ಬೀಸಿದರು. ಹಕ್ಕಿಗಳು ತಂತಿಯ ಮೇಲೆ ಸಾಲಾಗಿ ಕೂತು ಈ ಆಟವನ್ನು ಕುತೂಹಲದಿಂದ ವೀಕ್ಷಿಸಿದವು. ಒಳಗೆ ಮನೆಯಾಕೆಯ ಹೊಲಿಗೆ ಯಂತ್ರ ಎಂದಿಗಿಂತ ಜೋರಾಗಿ ಓಡುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಆಕೆ ಮೆಲ್ಲನೆ ಹೇಳಿದಳು.

“ಆ ಹಿರಿಯಮ್ಮನಿಗೆ ಒಂದು ಫೋನ್ ಮಾಡಿ ಕೇಳಬಾರದಾ?”

“ಕೇಳೋದಾ? ಕೂದಲಿನ ವಿಷಯ, ನಾನು, ಇನ್ನೊಬ್ಬರನ್ನ?”

“ಕೇಳಿದ್ರೆ ಗಂಟೇನು ಹೋಗುತ್ತೆ?”

“ಕುರಿ ಹೋಗುತ್ತೆ ಕಣೇ. ಬೋಳಾಗಿದೆ ಅಂದ ತಕ್ಷಣ ವ್ಯಾನ್ ತಗೊಂಡು ಬಂದುಬಿಡ್ತಾರೆ. ಆಮೇಲೆ ಬೆಳಿಗ್ಗೆ ಎದ್ದು ನಾನು ಯಾರ ಜೊತೆ ಮಾತಾಡಲಿ?”

ಮನೆಯಾಕೆ ಕೈಯಲ್ಲಿದ್ದ ಸೌಟನ್ನು ಒಂದು ಕ್ಷಣ ಹಾಗೆಯೇ ಹಿಡಿದು ಗಂಡನ ಮುಖವನ್ನು ನೋಡಿದಳು. ಬಳಿಕ, ನಾನೊಬ್ಬಳು ಈ ಮನೆಯಲ್ಲಿ ಇದ್ದೀನಿ ಅಂತ ಆ ಕುರಿಗಳಿಗೆ ಗೊತ್ತಿದೆ ಎಂದಷ್ಟೇ ಅಂದು ಬಡಿಸಿದಳು. ಆ ಮಾತಿನೊಳಗಿನ ಮಾತು ಕತ್ತರಿಯಣ್ಣನವರಿಗೆ ತಟ್ಟಲಿಲ್ಲ. ಅವರ ಗಮನವೆಲ್ಲ ದೊರೆಯ ಮೇಲಿತ್ತು. ಇಡೀ ಹಿಂಡಿನಲ್ಲಿ ದೊರೆಯ ಮೈಯಿಂದ ಮಾತ್ರ ಒಂದು ಎಳೆಯೂ ಉದುರಿರಲಿಲ್ಲ. ಹುಟ್ಟಿದಂದಿನಿಂದ ಎಣ್ಣೆ ತಿಕ್ಕಿದ್ದರ ಫಲ, ಉಳಿದವಕ್ಕೆ ತಡವಾಯಿತು ಎಂದು ಅವರು ತರ್ಕಿಸಿ ಸಮಾಧಾನ ತಂದುಕೊಂಡರು.

ಮರುದಿನ ಬೆಳಿಗ್ಗೆ ಹಿರಿಯಮ್ಮನ ಫೋನೇ ಬಂತು. ನಾಳೆ ಬರುತ್ತೇನೆ, ಹಿಂಡನ್ನು ನೋಡಬೇಕು, ಮುಂದಿನ ಪೀಳಿಗೆಗೆ ಯಾವ ಟಗರು ಬಿಡಬೇಕೆಂಬುದನ್ನೂ ತೀರ್ಮಾನಿಸಬೇಕು ಎಂದರು. ಕತ್ತರಿಯಣ್ಣನವರು ಫೋನು ಕೆಳಗಿಟ್ಟು ನೇರವಾಗಿ ಭಾವಮೈದನನ್ನು ಕರೆಸಿದರು.

ಮನೆಯಾಕೆಯ ತಮ್ಮನಾದ ಈತ ಬಸ್ಸು ಓಡಿಸುವವನು. ಭಾವನ ಸಂಕಟವನ್ನು ಕೇಳಿ, ನಗುವನ್ನು ಕೆಮ್ಮಿನಲ್ಲಿ ಮುಚ್ಚಿ, ಡಿಪೋದ ಮೂಲೆಯ ಕಪಾಟಿನಲ್ಲಿ ಪ್ರಯಾಣಿಕರು ಬಿಟ್ಟುಹೋದ ಸ್ವೆಟರುಗಳ ರಾಶಿಯೇ ಇದೆಯೆಂದು ತಿಳಿಸಿದ. ಚಳಿಗೆಂದು ಹಾಕಿಕೊಂಡು ಹತ್ತುತ್ತಾರೆ, ಅರ್ಧ ದಾರಿಗೆ ಬೆವೆತು ಬಿಚ್ಚಿಡುತ್ತಾರೆ, ಇಳಿಯುವಾಗ ಮರೆಯುತ್ತಾರೆ. ಕೇಳಿಕೊಂಡು ಬಂದವರಿಲ್ಲದೆ ನುಸಿ ಹಿಡಿಯುತ್ತಿವೆ, ಮೇಲಿನವರಿಗೆ ಹೇಳಿ ತರುತ್ತೇನೆ ಎಂದ. ಸಂಜೆಗೆ ಒಂದು ಮೂಟೆ ಸ್ವೆಟರ್ ಬಂತು.

“ಬೇಸಿಗೆಯಲ್ಲಿ ಸ್ವೆಟರಾ?” ಎಂದಳು ಮನೆಯಾಕೆ.

“ಶೀತ ಆಗಿದೆ ಅಂತೀನಿ.”

“ಅಷ್ಟೂ ಕುರಿಗಳಿಗಾ?”

“ಒಂದರಿಂದ ಒಂದಕ್ಕೆ ಅಂಟಿಕೊಳ್ತು ಅಂತೀನಿ. ಭಾವಮೈದ, ಆ ಕಾಲು ಹಿಡ್ಕೋ.”

ಒಂದು ಸುಳ್ಳಿಗೆ ಬಟ್ಟೆ ತೊಡಿಸುವುದು ಎಷ್ಟು ಕಷ್ಟವೆಂದು ತಿಳಿಯಬಯಸುವವರು ಕುರಿಗೆ ಸ್ವೆಟರ್ ತೊಡಿಸಿ ನೋಡಬೇಕು. ಮುಂಗಾಲು ತೋಳಿನೊಳಗೆ ಹೋದರೆ ತಲೆ ಬಾರದು. ತಲೆ ಬಂದರೆ ಕುರಿ ಅದೇ ಕ್ಷಣದಲ್ಲಿ ಹಿಂದಕ್ಕೆ ನಡೆಯತೊಡಗುತ್ತದೆ. ಒಂದು ಕುರಿ ಅರ್ಧ ಸ್ವೆಟರಿನೊಂದಿಗೆ ಭಾವಮೈದನನ್ನು ಇಳಿಜಾರಿನ ಕೆಳತುದಿಯವರೆಗೆ ಎಳೆದುಕೊಂಡು ಹೋಯಿತು. ದಿನಾಲೂ ಬಸ್ಸು ಓಡಿಸುವವನು ಅಂದು ಪ್ರಯಾಣಿಕನಾದ. ಮರುದಿನ ಬಿಸಿಲೇರುವ ಹೊತ್ತಿಗೆ ಮಾತ್ರ ಹಿಂಡು ಸಿಂಗರಿಸಿಕೊಂಡು ನಿಂತಿತ್ತು. ಪ್ರಿನ್ಸಿಪಾಲಮ್ಮನಿಗೆ ಹಳದಿ ಬಣ್ಣದ, ಮುಂದೆ ದೊಡ್ಡ ಗುಂಡಿಗಳಿದ್ದ ಸ್ವೆಟರ್. ಇನ್ನೊಂದರ ಬೆನ್ನ ಮೇಲೆ ‘ನಾಯಕ’ ಎಂದು ದಪ್ಪ ಅಕ್ಷರದಲ್ಲಿ ಹೆಣೆದಿತ್ತು. ದೊರೆಯೊಬ್ಬನೇ ಬರಿಮೈಯಲ್ಲಿ, ಎಣ್ಣೆ ಹಚ್ಚಿ ನಡುನೆತ್ತಿಗೆ ಬೈತಲೆ ತೆಗೆಸಿಕೊಂಡು, ಮದುವಣಿಗನಂತೆ ಮುಂದೆ ನಿಂತಿದ್ದ.

ಹಿರಿಯಮ್ಮ ಗೇಟು ತೆರೆದು ಒಳಗೆ ಬಂದವರು ಅಲ್ಲೇ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಿಂಡು ಅವರನ್ನು ನೋಡಿತು, ಅವರು ಹಿಂಡನ್ನು ನೋಡಿದರು. ಕತ್ತರಿಯಣ್ಣನವರು ಆ ಮೌನವನ್ನು ಒಪ್ಪಿಗೆಯೆಂದೇ ತಿಳಿದು ಶೀತದ ವೃತ್ತಾಂತವನ್ನು ಶುರುಮಾಡಿದರು. ಗಾಳಿ ಬದಲಾದದ್ದು, ಮೊದಲ ಸೀನು, ಅದು ಹಿಂಡಿಗೆಲ್ಲ ಹರಡಿದ ಬಗೆ. ಅವರು ಮೂರನೆಯ ಸೀನಿಗೆ ಬರುವಷ್ಟರಲ್ಲಿ ಹಿರಿಯಮ್ಮ ಪ್ರಿನ್ಸಿಪಾಲಮ್ಮನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿಯಾಗಿತ್ತು. ಒಳಗೆ ನುಣುಪಾದ, ಎಳೆಯ ಕೂದಲು ಮೊಳೆಯುತ್ತಿದ್ದ ಮೈ.

ಕತ್ತರಿಯಣ್ಣನವರ ವೃತ್ತಾಂತ ಮೂರನೆಯ ಸೀನಿನಲ್ಲೇ ನಿಂತುಹೋಯಿತು.

“ಇದನ್ನ ಬಿಡಿಸಿದ್ದು ಯಾರು?” ಎಂದರು ಹಿರಿಯಮ್ಮ.

“ಕಾಗೆ,” ಎಂದರು ಕತ್ತರಿಯಣ್ಣನವರು.

“ನಾನು,” ಎಂದಳು ಹಿಂದಿನಿಂದ ಮನೆಯಾಕೆ.

ಆಕೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ಇವರು ಹಾಲಿಗೆ ಹೋದಾಗ ಕೊಟ್ಟಿಗೆ ಗುಡಿಸಲು ಹೋಗುತ್ತಿದ್ದಳಂತೆ. ಉಣ್ಣೆ ಸಡಿಲವಾಗಿ ಜೋತುಬಿದ್ದದ್ದು ಕಂಡು ಸುಮ್ಮನೆ ಬೆರಳಿನಲ್ಲಿ ಬಿಡಿಸಿದಳಂತೆ, ಅಂಟಿಕೊಂಡಿದ್ದನ್ನು ಮುಟ್ಟಲಿಲ್ಲವಂತೆ. ಕುರಿಗೆ ಹಿತವಾಗಿ, ಬಂದು ಕಾಲಿಗೆ ಒರಗಿ ನಿಂತಿತಂತೆ. ಮರುದಿನ ಇನ್ನೊಂದು ಬಂತು, ಅದರ ಮರುದಿನ ಎಲ್ಲವೂ ಸಾಲುಗಟ್ಟಿದವು. ಬೇಡವೆನ್ನಲು ಮನಸ್ಸಾಗಲಿಲ್ಲ. ಬಿದ್ದದ್ದನ್ನು ಕಂಡರೆ ಇವರು ಕೊರಗುತ್ತಾರೆಂದು ಎಲ್ಲವನ್ನೂ ತಾನೇ ಹೊಲಿದ ಚೀಲಗಳಿಗೆ ತುಂಬಿ ಹೊಲಿಗೆ ಯಂತ್ರದ ಕೆಳಗೆ ಇಟ್ಟಿದ್ದಾಳೆ.

ಚೀಲಗಳು ಅಂಗಳಕ್ಕೆ ಬಂದವು. ಹಿರಿಯಮ್ಮ ಒಂದರೊಳಗೆ ಕೈಯಿಟ್ಟು, ಒಂದು ಎಳೆಯನ್ನು ಬೆಳಕಿಗೆ ಹಿಡಿದು, ಎಳೆದು, ಕೆನ್ನೆಗೆ ಸೋಕಿಸಿ ನೋಡಿದರು. ಅವರ ಬಿಗಿದ ಮುಖ ಅರಳಿತು.

“ಯಾರು ಹೇಳಿಕೊಟ್ರಮ್ಮ ನಿನಗೆ?”

“ಯಾರೂ ಇಲ್ಲ. ಎಲ್ಲಿ ಹಿಡಿದ್ರೆ ನೋವಾಗುತ್ತೆ ಅಂತ ಅದೇ ಹೇಳ್ತು. ಕಾಲು ಝಾಡಿಸ್ತು. ನಾನು ಬಿಟ್ಟೆ.”

ಆಗ ಹಿರಿಯಮ್ಮ ಕತ್ತರಿಯಣ್ಣನವರತ್ತ ತಿರುಗಿದರು. ಈ ತಳಿಯ ಕುರಿ ಬೇಸಿಗೆಗೆ ತನ್ನ ತುಪ್ಪಟವನ್ನು ತಾನೇ ಬಿಡುತ್ತದೆ. ಕತ್ತರಿ ತಾಗಿಸಬಾರದು, ಕೈಯಿಂದ ಬಿಡಿಸಬೇಕು. ಹಾಗೆ ಬಿಡುವುದೇ ಅದರ ಶುದ್ಧ ವಂಶದ ಗುರುತು. “ಇದನ್ನೇ ಆ ದಿನ ಗೇಟಿನಲ್ಲಿ ಹೇಳೋಕೆ ಹೊರಟಿದ್ದೆ ಯಜಮಾನ್ರೇ. ನೀವು ತಲೆಹೊಟ್ಟಿನ ವಿಷಯ ಹೇಳ್ತಾ ಇದ್ರಿ.”

ಕತ್ತರಿಯಣ್ಣನವರ ಎದೆಯಿಂದ ದೊಡ್ಡ ಬಂಡೆಯೊಂದು ಉರುಳಿಹೋದಂತಾಯಿತು. ಹಾಗಾದರೆ ರೋಗವಲ್ಲ, ಅಪಕೀರ್ತಿಯಲ್ಲ, ಕುರಿಗಳು ಹೋಗುವುದಿಲ್ಲ. ಉಲ್ಲಾಸ ಉಕ್ಕಿಬಂದು, ಈ ಹಿಂಡಿನ ಮುಕುಟಮಣಿಯನ್ನು ಇನ್ನೂ ನೋಡಲಿಲ್ಲವಲ್ಲ ಎಂದು ದೊರೆಯನ್ನು ಮುಂದಕ್ಕೆ ನೂಕಿದರು. ಒಂದು ಎಳೆಯೂ ಉದುರಿಲ್ಲ ನೋಡಿ ಎಂದು ಹೆಮ್ಮೆಯಿಂದ ಬೆನ್ನು ಚಪ್ಪರಿಸಿದರು. ಎಣ್ಣೆ ಚಿಮ್ಮಿತು.

ಹೇಳಿದ ಬಳಿಕವೇ ಅವರಿಗೆ ತಾವು ಹೇಳಿದ್ದು ಕೇಳಿಸಿತು.

ಹಿರಿಯಮ್ಮ ದೊರೆಯ ಒಂಟಿ ಬಳೆಯ ಕಣ್ಣನ್ನು ನೋಡಿದರು, ತುಪ್ಪಟವನ್ನು ಬಿಡಿಸಿ ಬುಡ ನೋಡಿದರು, ಮೆತ್ತಗೆ ಹೇಳಿದರು. “ಇದರ ತಾಯಿ ಮೊದಲು ಇದ್ದ ಕಡೆ ಪಕ್ಕದವರ ಬಿಳಿ ಟಗರುಗಳು ಬೇಲಿ ಹಾರ್ತಿದ್ದವು. ನಮಗೆ ಅನುಮಾನ ಇತ್ತು. ಅದನ್ನೂ ಗೇಟಿನಲ್ಲಿ ಹೇಳೋಕೆ ಹೊರಟಿದ್ದೆ.”

ವಂಶೋದ್ಧಾರಕ, ಮೂಲಪುರುಷ, ಗುಡ್ಡಗಳ ಭಾವೀ ಪಿತಾಮಹ, ಒಂದೇ ಮಾತಿಗೆ ಸಾಧಾರಣ ಕುರಿಯಾದ. ಅವನಿಂದ ಮರಿ ಹುಟ್ಟಿಸುವಂತಿಲ್ಲ. ಕತ್ತರಿಯಣ್ಣನವರು ದೊರೆಯ ಕತ್ತಿನ ಸುತ್ತ ಕೈಹಾಕಿ ನಿಂತರು. ದೊರೆಗೆ ಪದವಿ ಹೋದದ್ದು ತಿಳಿಯಲಿಲ್ಲ. ಯಜಮಾನರ ಅಂಗಿಯ ಗುಂಡಿಯನ್ನು ಜಗಿಯುತ್ತಿದ್ದ.

“ಇದನ್ನ ಕರ್ಕೊಂಡು ಹೋಗ್ತೀರಾ?” ಎಂದರು ಕತ್ತರಿಯಣ್ಣನವರು. ಅವರ ಹೆಂಡತಿ ಮತ್ತು ಭಾವಮೈದ ಇಬ್ಬರೂ ತಿರುಗಿ ನೋಡಿದರು. ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುವ ಮಾತೊಂದನ್ನು ಅವರು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಇನ್ನೂ ಆಶ್ಚರ್ಯವೆಂದರೆ, ಕೇಳಿದ ಮೇಲೆ ಅವರು ಸುಮ್ಮನೆ ನಿಂತು ಉತ್ತರಕ್ಕಾಗಿ ಕಾದರು.

ಉತ್ತರ ದೊರೆಯಿತು. ದೊರೆಯನ್ನು ಬೀಜದ ಟಗರಾಗಿ ಬಿಡದೆ, ಬರೀ ಸಾಕುಪ್ರಾಣಿಯಾಗಿ ಇಟ್ಟುಕೊಳ್ಳುವುದಾದರೆ ಅಡ್ಡಿಯಿಲ್ಲ. ಹಿಂಡು ಇಲ್ಲೇ ಉಳಿಯಲಿ, ಆದರೆ ಇನ್ನು ಮುಂದೆ ಅದು ಮನೆಯಾಕೆಯ ಸುಪರ್ದಿಯಲ್ಲಿ. ಒಳ್ಳೆಯ ಟಗರೊಂದನ್ನು ಸಂಘವೇ ಕಳಿಸುತ್ತದೆ. ಎಣ್ಣೆ ಮೆತ್ತಿದ ಉಣ್ಣೆ ಕೆಲಸಕ್ಕೆ ಬಾರದ್ದರಿಂದ ಅಷ್ಟೂ ಚೀಲವನ್ನು ಯಜಮಾನರು ಬಿಸಿನೀರಿನಲ್ಲಿ ತೊಳೆದು ಒಣಗಿಸತಕ್ಕದ್ದು. ಕೊನೆಯದಾಗಿ, ದೊರೆಯ ತುಪ್ಪಟ ತಾನಾಗಿ ಬೀಳುವ ಜಾತಿಯದಲ್ಲ. ಅವನಿಗೆ ವರ್ಷವರ್ಷವೂ ಯಾರಾದರೂ ಕತ್ತರಿಸಲೇಬೇಕು.

ಹೀಗೆ ಇಡೀ ಹಿಂಡಿನಲ್ಲಿ ಕ್ಷೌರಿಕರ ಅಗತ್ಯವಿದ್ದವನು ದೊರೆಯೊಬ್ಬನೇ ಎಂದಾಯಿತು. ಆ ಒಬ್ಬ ಗಿರಾಕಿಯೂ ಎಂಥವನು! ತಲೆ ತಗ್ಗಿಸು ಎಂದರೆ ಎತ್ತುವನು, ಆ ಕಡೆ ತಿರುಗು ಎಂದರೆ ಒದೆಯುವನು. ನಡುಗುವ ಕೈಯಲ್ಲಿ ಕತ್ತರಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ದೊರೆಯ ಬೆನ್ನನ್ನು ನೋಡಿ, ಕತ್ತರಿಯಣ್ಣನವರು ಹೊಲಿಗೆ ಯಂತ್ರದ ಕಿಟಕಿಯತ್ತ ತಿರುಗಿ ಕೂಗಿದರು.

“ಇವಳೇ, ಇನ್ನು ಹೊಟ್ಟೆ ಕಡೆಗೆ ಹೋಗಲಾ, ಕತ್ತಿನ ಕಡೆಗಾ?”

ಯಂತ್ರ ಗಕ್ಕನೆ ನಿಂತಿತು. ಮನೆಯಾಕೆ ಹೊರಗೆ ಬಂದು, ಗಂಡನ ಹಣೆಯ ಮೇಲೆ ಅಂಗೈಯಿಟ್ಟು, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಗುಚಿದ ಬಕೆಟ್ಟಿನ ಮೇಲೆ ಕೂತು ಹೇಳಲಾರಂಭಿಸಿದಳು. ಬಹಳ ವರ್ಷಗಳಿಂದ ಹೇಳದೆ ಉಳಿದದ್ದು ಬಹಳವಿತ್ತು. ಕುರಿಯ ಹೊಟ್ಟೆಯಿಂದ ಶುರುವಾದ ಮಾತು ಸೋರುವ ಕೊಟ್ಟಿಗೆಯ ತಗಡಿಗೆ ಬಂತು, ಅಲ್ಲಿಂದ ಆಕೆಯ ಮೊಣಕಾಲ ನೋವಿಗೆ ಬಂತು. ಕತ್ತರಿಯಣ್ಣನವರು ಕತ್ತರಿಯನ್ನು ಕೈಯಲ್ಲಿ ಹಿಡಿದೇ ಕೇಳುತ್ತಿದ್ದರು. ನಡುನಡುವೆ ಬಾಯಿ ತೆರೆಯಿತು. ತೆರೆದಾಗಲೆಲ್ಲ ಅವರೇ ಮುಚ್ಚಿದರು.

ಆದ್ದರಿಂದ ಪ್ರಿಯರೇ, ಹೇಳಿದ ಆ ಸಣ್ಣ ಕೆಲಸ ಇಷ್ಟೇ. ಈ ಪುಟವನ್ನು ಇಲ್ಲಿಗೆ ಮಡಚಿಡಿ. ನಿಮ್ಮ ಮನೆಯಲ್ಲಿ ಯಾವುದೋ ಒಂದಕ್ಕೆ ನೀವೂ ಸ್ವೆಟರ್ ತೊಡಿಸಿ ನಿಲ್ಲಿಸಿರಬಹುದು. ಎದ್ದು ಹೋಗಿ, ಪಕ್ಕದ ಕೋಣೆಯಲ್ಲಿರುವವರ ಎದುರು ಕೂತು, ಇದೇಕೆ ಹೀಗಾಗಿದೆ ಎಂದು ಕೇಳಿ. ಕೇಳಿದ ಮೇಲೆ, ದಯವಿಟ್ಟು, ಅವರು ಹೇಳಿ ಮುಗಿಸುವವರೆಗೂ ಕಾಯಿರಿ.